ಜೇನುಬಂಡಿಯ ಅಡಿಭಾಗ

ಮಾರ್ಚ್ 4, ಮಂಗಳವಾರ

ಬೆಳಿಗ್ಗೆಯಿಂದ ಕಂಪ್ಯೂಟರಿನಲ್ಲಿ ಬಕೆಟ್‌ಗಳಿಗೆ ಬಣ್ಣ ತುಂಬುವುದೇ. ಆರು ಬಕೆಟ್, ಎರಡು ಏಣಿ. ಏಣಿಯ ಮರಕ್ಕೆ ನಾಲ್ಕೇ ಗೆರೆ, ದಪ್ಪಗೆ. ನಿಜವಾದ ಮರದಂತೆ ಕಂಡರೆ ನಿರ್ದೇಶಕ ಕ್ರುನೊ ವಾಪಸ್ ಕಳಿಸುತ್ತಾನೆ. ಇದು ಕಾರ್ಟೂನು, ಫರ್ನಿಚರ್ ಅಂಗಡಿಯಲ್ಲ ಎನ್ನುತ್ತಾನೆ.

ಈಸ್ಟರ್ ಉಪವಾಸದ ದಿನಗಳಿಗೆ ಮುಂಚಿನ ಹಬ್ಬ. ಯಾರೋ ಕ್ರಾಫ್ನೆ ತಂದಿದ್ದರು, ಎಣ್ಣೆಯಲ್ಲಿ ಕರಿದ ಬನ್ನು. ಒಳಗೆ ಏಪ್ರಿಕಾಟ್ ಜಾಮ್. ಎರಡು ತಿಂದೆ. ಆಮೇಲೆ ಮೀಟಿಂಗ್.

ಜೇನುಬಂಡಿಗೆ ಬಣ್ಣ ಹಚ್ಚುವ ಕೆಲಸ ಸ್ಮಿಲ್ಯಾಗೆ.

ಬಂಡಿಯೆಂದರೆ ಇಡೀ ಸಿನಿಮಾ. ಜೇನು ಸಾಕುವ ವಿಧವೆ, ಅವಳ ಬಂಡಿ — ಅದಿಲ್ಲದ ಸೀನ್ ಇಲ್ಲ. ಹನ್ನೊಂದು ವರ್ಷದಿಂದ ಈ ಸ್ಟುಡಿಯೋದಲ್ಲಿ ವಸ್ತುಗಳಿಗೆ ಬಣ್ಣ ತುಂಬುತ್ತಿರುವವಳು ನಾನು. ಸ್ಮಿಲ್ಯಾ ಬಂದದ್ದು ಜನವರಿಯಲ್ಲಿ. ಐವತ್ತೊಂಬತ್ತು ವಯಸ್ಸು. ಒಸಿಯೆಕ್ ಊರಿನ ಬೊಂಬೆಯಾಟದ ಥಿಯೇಟರಿನಲ್ಲಿ ಮೂವತ್ತು ವರ್ಷ ಪರದೆ ಬರೆದವಳು. ಫೈಲ್ ಎಲ್ಲಿ ಹೋಯಿತೆಂದು ದಿನಕ್ಕೆ ಮೂರು ಸಲ ನನ್ನನ್ನೇ ಕೇಳುತ್ತಾಳೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ನಾನೂ ತಟ್ಟಿದೆ. ಮೆಲ್ಲಗೆ.

ಮಾರ್ಚ್ 6, ಗುರುವಾರ

ಹೋಗುತ್ತಾ ಬರುತ್ತಾ ಅವಳ ಸ್ಕ್ರೀನ್ ನೋಡಿದೆ. ಹಳದಿ ಬಳಿದು, ಮೇಲೆ ಒಂದೇ ಒಂದು ಹಸಿರು ಎಳೆತ — ಅರ್ಧಕ್ಕೇ ಬಿಟ್ಟಿದ್ದಾಳೆ. ಕೈ ತಾಗುವ ಕಡೆ ನಾವೆಲ್ಲ ಬಣ್ಣ ತಿಳಿಯಾಗಿಸುತ್ತೇವೆ, ಸವೆದಂತೆ. ಅವಳು ಕಪ್ಪಾಗಿಸಿದ್ದಾಳೆ. ಜಿಡ್ಡು ಹಿಡಿದಂತೆ. ಆ ಒಂದು ಕಪ್ಪಿನಿಂದ ಯಾರೋ ಆ ಬಂಡಿಯ ಜೊತೆ ನಲವತ್ತು ವರ್ಷ ಬಾಳಿದ್ದಾರೆ ಅನ್ನಿಸಿಬಿಟ್ಟಿತು.

ನನ್ನ ಬಕೆಟ್ಟಿನ ಹಿಡಿಯನ್ನೂ ಕಪ್ಪು ಮಾಡಿ ನೋಡಿದೆ. ಕೊಳಕಾಗಿ ಕಂಡಿತು. ಡಿಲೀಟ್.

ಸಂಜೆ ಅಮ್ಮನ ಫೋನ್. ಇಪ್ಪತ್ತು ನಿಮಿಷ ಸ್ಮಿಲ್ಯಾಳ ಮೇಲೆಯೇ ದೂರು ಹೇಳಿದೆ. ಕೊನೆಗೆ ಅಮ್ಮ, "ಇಷ್ಟೊಂದು ಹೇಳ್ತೀಯಲ್ಲ ರೊಮಾನಾ, ಭಾನುವಾರ ಊಟಕ್ಕೆ ಕರ್ಕೊಂಡು ಬಾ ಅವಳನ್ನ," ಎಂದಳು. ಫೋನ್ ಇಟ್ಟೆ.

ಮಾರ್ಚ್ 13, ಗುರುವಾರ

ಬಂಡಿಯ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಮಾಡಿಸಿ ಕಾಫಿ ಮಷೀನಿನ ಪಕ್ಕ ಅಂಟಿಸಿದ್ದಾರೆ. ಹೋಗಿಬರುವವರೆಲ್ಲ ನಿಂತು ನೋಡುತ್ತಾರೆ.

ಇನ್ನು ಮೇಲೆ ಕಾಫಿ ಕೆಳಗಿನ ಬೇಕರಿಯಲ್ಲಿ.

ಮಾರ್ಚ್ 19, ಬುಧವಾರ

ಇದನ್ನು ಬರೆದಿಡಬೇಕು.

ನಾಲ್ಕು ಗಂಟೆಗೆ ಸ್ಮಿಲ್ಯಾ ಕರೆದಳು. ಬಂಡಿ ಮುಗಿದಿದೆ, ಕೊಡುವ ಮೊದಲು ಒಮ್ಮೆ ನೋಡು, ಕಂಪ್ಯೂಟರಿನ ಸೂಕ್ಷ್ಮಗಳು ನನ್ನ ತಲೆಗೆ ಹತ್ತುವುದಿಲ್ಲ ಎಂದಳು. ಕೂತು ಸ್ಕ್ರೀನಿನಲ್ಲಿ ಬಂಡಿಯನ್ನು ತಿರುಗಿಸಿದೆ. ನಾವು ಬಣ್ಣ ಹಚ್ಚುವುದು ಬಿಚ್ಚಿ ಹರಡಿದ ತುಂಡುಗಳ ಮೇಲೆ — ದರ್ಜಿಯವನು ಕತ್ತರಿಸಿಟ್ಟ ಕೋಟಿನ ಬಟ್ಟೆಯ ಹಾಗೆ. ಆಮೇಲೆ ಅವು ವಸ್ತುವಿನ ಮೈಗೆ ಸುತ್ತಿಕೊಳ್ಳುತ್ತವೆ. ಎರಡು ತುಂಡು ಸೇರುವ ಹೊಲಿಗೆಯಲ್ಲಿ ಗೆರೆಗೆ ಗೆರೆ ಕೂಡಬೇಕು.

ಪಕ್ಕಗಳೆಲ್ಲ ಸರಿ. ತಲೆಕೆಳಗು ಮಾಡಿದೆ. ಅಡಿಭಾಗದ ನಟ್ಟನಡುವೆ ಹೊಲಿಗೆ ಬಾಯಿಬಿಟ್ಟಿತ್ತು. ಒಂದು ಕಡೆ ಗೆರೆಗಳು ಉದ್ದಕ್ಕೆ, ಇನ್ನೊಂದು ಕಡೆ ಅಡ್ಡಕ್ಕೆ. ಎರಡು ಬಂಡಿ ಸೀಳಿ ಅಂಟಿಸಿದ ಹಾಗೆ. ಬೊಂಬೆಯಾಟದ ಪರದೆಗೆ ಅಡಿಭಾಗ ಎಲ್ಲಿಯದು? ಅವಳಿಗೆ ಹೊಳೆದೇ ಇಲ್ಲ.

ಪ್ರವಾಹದ ಸೀನಿನಲ್ಲಿ ಬಂಡಿ ಮಗುಚಿಕೊಳ್ಳುತ್ತದೆ. ಒಂಬತ್ತು ಸೆಕೆಂಡ್ ಕಾಣುವುದು ಅಡಿಭಾಗವೇ. ನನಗೆ ಗೊತ್ತು.

"ಏನಾದ್ರೂ ಇದೆಯಾ?" ಎಂದಳು.

"ಇಲ್ಲ. ಚೆನ್ನಾಗಿದೆ. ಕೊಟ್ಟುಬಿಡಿ."

ಮಾರ್ಚ್ 21, ಶುಕ್ರವಾರ

ಒಂದೇ ಟ್ರಾಮಿನಲ್ಲಿ ಬಂದೆವು, ಅಕ್ಕಪಕ್ಕ. ಹೇಳಬಹುದಿತ್ತು… ಅವಳು ಮೊಣಕಾಲು ನೋವಿನ ಬಗ್ಗೆ ಮಾತಾಡುತ್ತಿದ್ದಳು.

ಮಾರ್ಚ್ 28, ಶುಕ್ರವಾರ

ಪ್ರವಾಹದ ಸೀನ್ ಹಾಕಿದರು. ನಿರ್ಮಾಪಕರೂ ಬಂದಿದ್ದರು. ಬಂಡಿ ಮಗುಚಿತು. ಕ್ರುನೊ ನಿಲ್ಲಿಸಿದ. ಹಿಂದಕ್ಕೆ ಓಡಿಸಿದ. ಮತ್ತೆ ನಿಲ್ಲಿಸಿದ.

ಒಂಬತ್ತು ದಿನ ಕಾದದ್ದು ಈ ಗಳಿಗೆಗೆ. ಖುಷಿಯಾಗುತ್ತದೆ ಅಂದುಕೊಂಡಿದ್ದೆ. ಆಗಲಿಲ್ಲ.

ಕೊಡುವ ಮೊದಲು ಇದನ್ನು ಯಾರು ನೋಡಿದರು ಎಂದು ಕ್ರುನೊ ಕೇಳಿದ. ನಾನು ಮೇಜು ನೋಡಿದೆ.

"ನಾನೇ ತಿರುಗಿಸಿ ನೋಡಲಿಲ್ಲ," ಎಂದಳು ಸ್ಮಿಲ್ಯಾ. "ತಪ್ಪು ನಂದು."

ಬಂಡಿ ಇನ್ನು ನನ್ನ ಪಾಲಿಗೆ. ಉಳಿದ ವಸ್ತುಗಳ ಮೇಲ್ವಿಚಾರಣೆಯೂ ನನಗೇ. ಬೇಕಾದದ್ದೆಲ್ಲ ಸಿಕ್ಕಿತು. ಮನೆಗೆ ಬಂದು ಏನೂ ತಿನ್ನಲಿಲ್ಲ.

ಮಾರ್ಚ್ 31, ಸೋಮವಾರ

ಹೊಲಿಗೆ ಮುಚ್ಚಲು ಅರ್ಧ ದಿನ ಸಾಕಾಯಿತು. ಆದರೆ ನಾನು ಬಳಿದ ಭಾಗ ಸತ್ತು ಬಿದ್ದಿದೆ. ಪ್ಲೈವುಡ್. ಮೂರು ಸಲ ಅಳಿಸಿದೆ. ಪಕ್ಕಗಳು ಅವಳವು, ಹೊಟ್ಟೆ ನನ್ನದು — ಯಾರು ನೋಡಿದರೂ ಹೇಳುತ್ತಾರೆ.

ಏಪ್ರಿಲ್ 1, ಮಂಗಳವಾರ

ಅವಳ ಮೇಜಿಗೆ ಹೋದೆ. ನನ್ನ ಬಕೆಟ್‌ಗಳನ್ನು ಅವಳು ಮಾಡುತ್ತಿದ್ದಳು.

"ಆ ದಿನ ನನಗೆ ಹೊಲಿಗೆ ಕಂಡಿತ್ತು," ಎಂದೆ.

ಸ್ಕ್ರೀನಿನಿಂದ ಕಣ್ಣು ತೆಗೆಯಲಿಲ್ಲ. "ಏನೋ ಕಂಡಿದೆ ಅಂತ ಗೊತ್ತಾಯ್ತು ಮಗಳೇ. ತಿರುಗಿಸ್ತಾ ಇದ್ದ ಕೈ ನಿಂತಿತಲ್ಲ."

"ಮತ್ತೆ ಯಾಕೆ ಕೇಳಲಿಲ್ಲ?"

"ಬಿಗುಮಾನ. ನಿನ್ನ ಹತ್ರ ಇನ್ನೊಂದ್ಸಲ ಕೇಳ್ಬೇಕಲ್ಲ ಅಂತ." ಬಕೆಟ್ಟಿಗೆ ಒಂದು ಗೆರೆ ಎಳೆದಳು. "ಥಿಯೇಟರಿನಲ್ಲಿ ಒಬ್ಬಳ ಬಣ್ಣಕ್ಕೆ ನಾನು ನೀರು ಬೆರೆಸಿಟ್ಟಿದ್ದೆ. ಅವಳು ಬರೆದ ಆಕಾಶ ಪೂರ್ತಿ ಸೋರಿಹೋಯ್ತು. ನಾನಂತೂ ಇವತ್ತಿನವರೆಗೂ ಅವಳಿಗೆ ಹೇಳಿಲ್ಲ."

ಕ್ಷಮಿಸಿದೆ ಎನ್ನಲಿಲ್ಲ. ನಾನೂ ಕೇಳಲಿಲ್ಲ.

ಏಪ್ರಿಲ್ 2, ಬುಧವಾರ

ಕ್ರುನೊಗೆ ಎಲ್ಲ ಹೇಳಿದೆ. ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. ಮೇಲ್ವಿಚಾರಣೆ ಹೋಯಿತು. ಬಂಡಿ ಮತ್ತೆ ಸ್ಮಿಲ್ಯಾಗೆ. ನಾನು ಪಕ್ಕದಲ್ಲಿ ಕೂತು ಹೊಲಿಗೆ ಕೂಡಿಸಬೇಕು. ಸಿನಿಮಾದಲ್ಲಿ ಹೆಸರು ಅವಳದು ಮಾತ್ರ.

ಏಪ್ರಿಲ್ 3, ಗುರುವಾರ

ಇಡೀ ದಿನ ಪಕ್ಕದಲ್ಲಿ. ಅಡಿಭಾಗಕ್ಕೆ ಅವಳು ಕೆಸರು ಸಿಡಿಸಿದ್ದಾಳೆ, ಹುಲ್ಲು ಉಜ್ಜಿದ ಹಸಿರು ಎಳೆದಿದ್ದಾಳೆ. ಬಂಡಿ ಯಾವ್ಯಾವ ದಾರಿಯಲ್ಲಿ ಹೋಗಿಬಂದಿದೆ ಎಂದು ಯೋಚಿಸು ಎನ್ನುತ್ತಾಳೆ. ನನಗೆ ಆ ಯೋಚನೆಯೇ ಬಂದಿರಲಿಲ್ಲ.

ಎಲ್ಲ ಹೇಳಿಕೊಂಡ ಮೇಲೆ ಹೊಟ್ಟೆಕಿಚ್ಚು ಆರುತ್ತದೆ ಎಂದುಕೊಂಡಿದ್ದೆ. ಸುಳ್ಳು. ಇಷ್ಟು ಹತ್ತಿರದಿಂದ ಅವಳ ಕೈ ನೋಡಿದರೆ ಇನ್ನೂ ಜಾಸ್ತಿ ಉರಿಯುತ್ತದೆ.

ಏಪ್ರಿಲ್ 4, ಶುಕ್ರವಾರ, ಮಧ್ಯಾಹ್ನ

ಗಾಲಿಯ ಅಚ್ಚಿನ ಮರ ಮಾತ್ರ ಬಾಕಿ. ಮೊಣಕೈ ನೋಯುತ್ತದೆ ಎಂದು ಸ್ಮಿಲ್ಯಾ ಪೆನ್ನು ನನ್ನ ಕೈಗೆ ಕೊಟ್ಟಳು. ಒಂದೇ ಎಳೆತ, ನಡುವೆ ಎತ್ತಬೇಡ ಎಂದಳು. ಯೋಚಿಸದೆ ಎಳೆದೆ. ಹೊಲಿಗೆ ದಾಟಿ, ಈ ಕಡೆಯಿಂದ ಆ ಕಡೆಗೆ.

ಅವಳು ಕನ್ನಡಕ ತೆಗೆದಳು. ಒರೆಸಿ ಮತ್ತೆ ಹಾಕಿಕೊಂಡು ನೋಡಿದಳು.

"ಚೆನ್ನಾಗಿದೆ," ಎಂದಳು ಕೊನೆಗೆ. ತುಟಿ ಬಿಗಿದಿತ್ತು. ಆ ಮುಖ ನನಗೆ ಗೊತ್ತು, ಎಷ್ಟು ದಿನದಿಂದ ನಾನೇ ಅದನ್ನು ಹೊತ್ತು ತಿರುಗಿದ್ದೇನೆ… ಏನಾದರೂ ಹೇಳೋಣವೆಂದು ಅವಳ ಕಡೆ ತಿರುಗಿದೆ, ಅಷ್ಟರಲ್ಲಿ ಅವಳು ಪೆನ್ನಿಗೆ ಕೈ ಚಾಚಿ, ನನ್ನ ಗೆರೆಯ ಪಕ್ಕದಲ್ಲೇ ತನ್ನದೊಂದು ಎಳೆದಳು.