ಕಲ್ಲಿನ ಓಟದ ಹಿಟ್ಟು

ಕುಬಿಹಾಳ
ಸೋಮವಾರ, ೧೨ ಜನವರಿ ೨೦೨೬

ಪ್ರೀತಿಯ ನಮ್ಮ ಯಜಮಾನರಿಗೆ, ದಾನೇಶ್ವರಿಯ ನಮಸ್ಕಾರ.

ಆರಾಮ ಅದೀರಿ? ಪುಣೆದಾಗ ಥಂಡಿ ಭಾಳ ಐತಂತ, ಸ್ವೆಟರ್ ಪೆಟ್ಟಿಗ್ಯಾಗ ಇಟ್ಟು ಕಾಯಬ್ಯಾಡ್ರಿ, ಹಾಕ್ಕೊಳ್ರಿ. ಇಲ್ಲಿ ಎಲ್ಲಾರೂ ಆರಾಮ, ನಿಮ್ಮ ಕಾಕಾರ ಮೊಣಕಾಲ ನೋವೂ ಕಡಿಮಿ ಆಗೈತಿ. ಫೋನ್ ಇರೂವಾಗ ಕಾಗದ ಯಾಕ ಅಂತ ನಗಬ್ಯಾಡ್ರಿ. ನಿನ್ನೆಯಿಂದ ಗಿರಣಿ ಮೋಟಾರಿನ ಮಾತು ತಗದ್ರ ಸಾಕು, ‘ಟ್ರೇನಿಂಗ್ ಐತಿ, ಆಮ್ಯಾಲೆ ನೋಡೂಣು’ ಅಂತ ಇಟ್ಟುಬಿಡ್ತೀರಿ. ಕಾಗದಕ್ಕ ಹಂಗ ಮಾಡಾಕ ಬರಂಗಿಲ್ಲ. ಬಾಜು ಮನಿ ಹಜರತಅಲಿ ಇವತ್ತು ಸಂಜಿ ರೈಲಿಗೆ ಅಲ್ಲಿಗೇ ಹೊಂಟಾನ, ಶೇಂಗಾ ಚಟ್ನಿ ಜೋಡಿ ಇದನ್ನೂ ಕೊಡತೀನಿ.

ದೀಪಾವಳಿಗೆ ಬಂದಾಗ ನಮ್ಮ ಹಿಟ್ಟಿನ ಗಿರಣಿದೊಂದು ಮಾಡೆಲ್ ಕಂಪ್ಯೂಟರಿನಾಗ ಮಾಡಿ ಓಡಿಸಿ, ಹತ್ತು ಎಚ್‌ಪಿ ಮೋಟಾರು ತಗದು ಐದರದ್ದು ಹಾಕ್ರಿ, ಅಗದಿ ಸಾಕಾಗತೈತಿ ಅಂತ ಕಾಕಾರಿಗೆ ಹೇಳಿ ಹ್ವಾದ್ರಲ್ಲಾ, ಆ ಮಾಡೆಲ್ ನಿನ್ನೆ ತಗದು ನೋಡಿದೆ. ಪಿಯು ಹುಡುಗರಿಗೆ ಫಿಸಿಕ್ಸ್ ಕಲಿಸಾಕಿ ನಾನು, ಸುಮ್ಮನ ಇರತೀನೇನು? ಮೋಟಾರಿಗೆ ಹೋಗೂ ಪವರ್ ಮೂರು ಕಿಲೋವ್ಯಾಟ್, ಜ್ವಾಳ ಬೀಸೂ ಪವರ್ ಆರು! ಉಳಿದ ಮೂರು ಎಲ್ಲಿಂದ ಬಂತ್ರಿ, ನಮ್ಮಪ್ಪ ಮದುವ್ಯಾಗ ಕೊಟ್ಟಿದ್ದನೇನು?

ಮಾಡೆಲ್‌ನ್ಯಾಗಿನ ಮೀಟರಿನ ತಂತಿ ಉಲ್ಟಾ ಆಗ್ಯಾವೇನು ಅಂತ ನೋಡಿದೆ, ಸರಿ ಇದ್ದವು. ಮೂರೂ ಫೇಸಿನ ಲೆಕ್ಕ ಕೂಡಿಸಿದೆ, ಅದೂ ಸರಿ. ತಲಿ ಕೆಟ್ಟು ಹಿಟ್ಟು ತರಾಕ ಗಿರಣಿಗೆ ಹ್ವಾದ್ರ, ಅಷ್ಟರಾಗ ಕರೆಂಟ್ ಹೋತು. ಕಾಕಾರ ಪದ್ಧತಿ ನಿಮಗ ಗೊತ್ತ ಐತಿ, ಕರೆಂಟ್ ಹ್ವಾದಮ್ಯಾಲೆ ಕಲ್ಲು ನಿಲ್ಲೂತನಕ ಬಿದ್ದ ಹಿಟ್ಟಿಗೆ ರೊಕ್ಕ ತಗೊಳ್ಳಂಗಿಲ್ಲ. ಅದು ಕರೆಂಟಿಂದಲ್ಲ, ಕಲ್ಲಿಂದು ಅಂತಾರ. ಅಯ್ಯ ಶಿವನ, ಅಲ್ಲೇ ಹೊಳೀತು ನನಗ. ಸಣ್ಣವರಿದ್ದಾಗಿಂದ ತಿರುಗೂ ಕಲ್ಲಿಗೇ ಜ್ವಾಳ ಸುರುವಿದವರು ನೀವು. ಮಾಡೆಲ್‌ನ್ಯಾಗೂ ಕಲ್ಲು ಮೊದಲ ಪೂರಾ ಜೋರಿನಾಗ ತಿರುಗಾಕತ್ತೈತಿ ಅಂತ ಇಟ್ಟು, ಶುರುವಿಗೇ ಪವರ್ ಅಳದೀರಿ. ಆಗ ಬೀಸಿದ್ದು ಬರೇ ಮೋಟಾರಲ್ಲ, ಕಲ್ಲಿನ ಓಟನೂ ಕೂಡೇತಿ. ಆ ಓಟ ತೀರೂತನಕ ಮಾಡೆಲ್ ಓಡಿಸಿ ನಾ ಮತ್ತ ಅಳದೆ. ಐದು ಎಚ್‌ಪಿ ಮೋಟಾರು ಏದುಸಿರು ಬಿಡತೈತಿ, ತಾ ತಡಕೊಳ್ಳೂದಕ್ಕಿಂತ ಹೆಚ್ಚು ಕರೆಂಟ್ ಎಳೀತೈತಿ. ಖರೇನ ಕೂಡಿಸಿದ್ರ ಸುಟ್ಟು ಹೋಗತೈತಿ.

ಕಾಕಾರಿಗೆ ಬಿಡಿಸಿ ಹೇಳಿದೆ. ‘ನಮ್ಮ ಹೇಮಂತ ಲೆಕ್ಕ ತಪ್ಪೂ ಹುಡುಗ ಅಲ್ಲವ್ವಾ’ ಅಂದು ಜ್ವಾಳ ಹಸನ ಮಾಡಾಕ ಕುಂತ್ರು. ಸಿಟ್ಟೂ ಬಂತು, ಅಳುನೂ ಬಂತು. ಗುರುವಾರ ತಂಬೂರ ಊರಿನ ಪುಂಡಲೀಕ ನಮ್ಮ ಹಳೇ ಮೋಟಾರು ಕೊಂಡು ಒಯ್ಯಾಕ ಬರತಾನ. ಅದು ಹ್ವಾದಮ್ಯಾಲೆ ಸುಗ್ಗ್ಯಾಗ ಗಿರಣಿ ನಿಂತ್ರ ಮಂದಿ ನಗೂದು ಕಾಕಾರನ್ನ ನೋಡಿ, ನಿಮ್ಮನ್ನಲ್ಲ. ನಿಮ್ಮ ಬಾಯಿಂದ ಕೇಳಿದ್ರ ಅಷ್ಟ ನಂಬತಾರ.

ಹೊತ್ತಿಗೆ ಸರಿಯಾಗಿ ಉಣ್ರಿ. ಮನಿ ಮಂದಿ ಎಲ್ಲಾರೂ ನಿಮ್ಮನ್ನ ನೆನಸ್ಯಾರ.

ಸಿಟ್ಟಿನಾಗೂ ನಿಮ್ಮಾಕಿ,
ದಾನೇಶ್ವರಿ

ತಾ.ಕ.: ಹಜರತಅಲಿ ಬಾಗಲದಾಗ ನಿಂತಾನ, ಗಡಿಬಿಡಿಲೆ ಬರಿಯಾಕತ್ತೀನಿ. ಈಗ ಹೊರಗ ಹೋಗಿ ನೋಡಿದ್ರ ಕಾಕಾರು ಗಿರಣಿ ಬೋರ್ಡಿನಾಗ ತಮ್ಮ ಹೆಸರು ಅಳಿಸಿ ‘ಹೇಮಂತ ಹಿಟ್ಟಿನ ಗಿರಣಿ’ ಅಂತ ಬರಸ್ಯಾರ. ಬಣ್ಣ ಇನ್ನೂ ಹಸಿ ಐತಿ. ಚಟ್ನಿ ಡಬ್ಬಿ ಆಮ್ಯಾಲೆ ತಗೀರಿ, ಮೊದಲ ಕಾಕಾರಿಗೆ ಫೋನ್ ಮಾಡ್ರಿ.