ಕತ್ತರಿಸಿದ ಮೌನ

ಮಂಗಳವಾರ, ನವೆಂಬರ್ ೧೪

ಸಿಟ್ಟು ಇನ್ನೂ ಇಳಿದಿಲ್ಲ. ನಾನು ಆಡಿಯೊಗಾಗಿ ಓದಿದ ಹಳೆಯ ಕಾವ್ಯದಲ್ಲಿ ಮಗ ಯುದ್ಧದಲ್ಲಿ ಸತ್ತ ಸುದ್ದಿ ಬರುತ್ತದೆ. ತಾಯಿ ಬಾಯಿ ತೆರೆಯುವ ಮುನ್ನ ನಾನು ಬೇಕೆಂದೇ ಓದು ನಿಲ್ಲಿಸಿದ್ದೆ. ರೆಕಾರ್ಡಿಂಗ್ ಎಡಿಟ್ ಮಾಡುವ ಮಹಾಶಯ ನನ್ನ ಮೌನಗಳನ್ನೆಲ್ಲ ಕಸದಂತೆ ಗುಡಿಸಿಹಾಕಿದ್ದಾನೆ. ಉಸಿರನ್ನೂ ಬಿಟ್ಟಿಲ್ಲ.

"ಸುಮ್ಮನಿದ್ರೆ ಜನ ಮುಂದಿನದಕ್ಕೆ ಹೋಗ್ಬಿಡ್ತಾರೆ ಮೇಡಂ. ಈಗ ಯಾರಿಗೂ ಪುರುಸೊತ್ತಿಲ್ಲ," ಅಂದ.

ಶತಮಾನಗಳನ್ನು ದಾಟಿ ಬಂದ ಆ ತಾಯಿಗೆ ಒಂದು ಗಳಿಗೆ ಕೊಡಲಾಗದಷ್ಟು ಏನು ತಲೆಹೋಗುವ ಕೆಲಸವೋ!

ಸಂಜೆ ಅಮ್ಮ ಫೋನು ಕಿವಿಗಿಟ್ಟುಕೊಂಡು ಆ ರೆಕಾರ್ಡಿಂಗನ್ನು ಪೂರ್ತಿ ಕೇಳಿದಳು. "ಚೆನ್ನಾಗಿ ಓದಿದ್ದೀಯ ಕಣೇ. ಆದ್ರೆ ಯಾಕಷ್ಟು ಅವಸರ? ಪಾಪ, ಅವಳಿಗೆ ಅಳೋಕೂ ಬಿಡ್ಲಿಲ್ವಲ್ಲೇ ನೀನು."

"ಈಗ ಯಾರಿಗೂ ಪುರುಸೊತ್ತಿಲ್ಲಮ್ಮ," ಅಂದುಬಿಟ್ಟೆ.

ನಾನು. ನನ್ನ ಬಾಯಿಂದಲೇ. ಛೆ...