ಅಮ್ಮನ ಸಾವಿನ ಚೀಟಿಗೆ ಯಾವ ಬಣ್ಣ

ನವೆಂಬರ್ 8, 2016. ಬೆಳಗ್ಗೆ

ಔಷಧಿ ಅಂಗಡಿ ತೆರೆದೆ. ಒಬ್ಬರಿಗೆ ಬಿಪಿ ಮಾತ್ರೆ ಕೊಟ್ಟೆ. ಆಮೇಲೆ ನೆನಪಾಯ್ತು, ಅಮ್ಮ ಬೆಳಗಿನ ಜಾವ ಹೋಗಿಬಿಟ್ಟಳು ಅಂತ. ಮುಚ್ಚಿದೆ.

ಅಲ್ಲಿಂದ ಶೆವಾಲ್‌ನ ಪ್ರೆಸ್ಸಿಗೆ. ಕಂಬಕ್ಕೆ ಅಂಟಿಸೋಕೆ ಸಾವಿನ ಚೀಟಿ ಬೇಕಲ್ಲ. ಮುಸ್ಲಿಮರಿಗೆ ಹಸಿರು ಅಂಚು, ಸೆರ್ಬರಿಗೆ ಕಪ್ಪು ಅಂಚು, ಶಿಲುಬೆ — ಇಡೀ ಬೋಸ್ನಿಯಾದಲ್ಲಿ ಇದೇ.

"ಕೆಂಪು ನಕ್ಷತ್ರದ್ದು ಮಾಡಿಕೊಡು" ಅಂದೆ. ಹಳೇ ಕಮ್ಯುನಿಸ್ಟರ ಗುರುತು, ಅದಕ್ಕೆ ಧರ್ಮ ಇಲ್ಲ. ಅಮ್ಮ ಬಾಯಿಬಿಟ್ಟು ಕೇಳಿದ್ದಳು. ಹದಿನೈದಕ್ಕೇ ಕಾಡು ಸೇರಿ ಜರ್ಮನ್ನರ ಮೇಲೆ ಬಂದೂಕು ಹಿಡಿದವಳು. ಮುಸ್ಲಿಂ ಮನೆ ಹುಡುಗಿ, ಸೆರ್ಬ ಮಿಲುಟಿನ್‌ನ ಕಟ್ಟಿಕೊಂಡಳು. ಅಪ್ಪನ ಚೀಟಿಯಲ್ಲೂ ನಕ್ಷತ್ರವೇ ಇತ್ತು.

"ನಕ್ಷತ್ರದ್ದೆಲ್ಲ ಅಳಿಸಿಬಿಟ್ಟೆ ಸೆಂಕಕ್ಕ. ನಾಳೆ ನನ್ನ ಅಂಗಡಿ ಗಾಜು ಒಡೆದ್ರೆ ನೀನು ಹಾಕಿಸಿಕೊಡ್ತೀಯಾ?"

ಹೆದರುಪುಕ್ಕಲ.

ಸಂಜೆ

ಮೈಯೆಲ್ಲ ಉರಿತಿದೆ. ಮಾರ್ಕೆಟ್ ಕಂಬದಲ್ಲಿ ಅಮ್ಮನಿಗೆ ಆಗಲೇ ಎರಡು ಚೀಟಿ! ಹಸಿರಿನದ್ದು: "ಸಾಲಿಹ್ ಮಗಳು ರಬಿಯಾ ಕಪಿಜಿಚ್, ನಮ್ಮ ಜನಾಂಗದ ವೀರಮಾತೆ." ತವರಿನ ಹೆಸರು. ಅಪ್ಪನೂ ಇಲ್ಲ, ನಾನೂ ಇಲ್ಲ. ಕಪ್ಪಿನದ್ದು: "ಮಿಲುಟಿನ್ ತೊಮಿಚ್ ಧರ್ಮಪತ್ನಿ ರಾದಾ." ರಬಿಯಾನ ಸೆರ್ಬರ ರಾದಾ ಮಾಡಿದ್ದಾರೆ... ಥೂ, ಇವರ ಮುಖಕ್ಕಿಷ್ಟು.

ಹಸಿರಿನದ್ದು ಸೋದರಮಾವನ ಮಗ ನೆಜಾದನ ಕೆಲಸ. ಪುರಸಭೆಯ ಸ್ಮಾರಕ ಸಮಿತಿಯವನು. ಫೋನ್ ಮಾಡಿದೆ.

"ಪಾರ್ಕಿನ ಹೊಸ ಸ್ಮಾರಕದಲ್ಲಿ ಅತ್ತೆ ಹೆಸರೇ ಮೊದಲು. ಹೆಮ್ಮೆ ಪಡಕ್ಕ."

"ಹಳೇದನ್ನ ಒಡೆಸಿದ್ದು ಯಾರೋ? ಅದರಲ್ಲಿ ಕಾಡಲ್ಲಿ ಅವಳ ಜೊತೆ ಹೋರಾಡಿದವರೆಲ್ಲ ಇದ್ರಲ್ಲೋ, ಎಲ್ಲಾ ಜನಾಂಗದವರೂ!"

"ಆ ಕಾಲ ಮುಗೀತು. ನಮ್ಮವರನ್ನ ನಾವು ನೆನೀಬೇಕು."

"ನಾನು ನಿಮ್ಮವಳಲ್ವಾ?"

ಫೋನ್ ಇಟ್ಟ. ಕಪ್ಪಿನದ್ದು ಚಿಕ್ಕಪ್ಪನ ಮಗ ಓಗ್ನೆನ್‌ದು. ಅವನದ್ದೂ ಅದೇ ರಾಗ.

ನವೆಂಬರ್ 9

ನಾನೇ ಬರೆದೆ. ಉಗುರಿನ ಬಣ್ಣದಲ್ಲಿ ನಕ್ಷತ್ರ. ರಬಿಯಾ ತೊಮಿಚ್, ಮಿಲುಟಿನ್ ಹೆಂಡತಿ, ಸೆಂಕಾಳ ತಾಯಿ. ಎರಡರ ಮಧ್ಯೆ ಅಂಟಿಸಿ ಬಂದೆ.

ಮಧ್ಯಾಹ್ನಕ್ಕೆ ನನ್ನದನ್ನ ಯಾರೋ ಹರಿದುಹಾಕಿದ್ರು. ಹಸಿರು, ಕಪ್ಪು ಹಾಗೇ ಇವೆ. ಒಬ್ಬರದನ್ನ ಇನ್ನೊಬ್ಬರು ಮುಟ್ಟಿಲ್ಲ. ಇದೊಂದರಲ್ಲಿ ಎಂಥಾ ಒಗ್ಗಟ್ಟು ನೋಡು!

ನವೆಂಬರ್ 10

ಅಪ್ಪನ ಪಕ್ಕ ಮಣ್ಣು ಮಾಡಿದ್ವಿ. ಇಮಾಮ್‌ನ ಕರಕೊಂಡು ನೆಜಾದ್, ಪಾದ್ರಿನ ಕರಕೊಂಡು ಓಗ್ನೆನ್. ಗೇಟಲ್ಲೇ ನಿಲ್ಲಿಸಿದೆ. "ಕಾಫಿ ಬೇಕಾದ್ರೆ ಮನೆಗೆ ಬನ್ನಿ, ಇಲ್ಲಿ ಬೇಡ" ಅಂದೆ. ಆಮೇಲೆ ಅತ್ತುಬಿಟ್ಟೆ. ತುಂಬಾ ಅತ್ತುಬಿಟ್ಟೆ.

ನವೆಂಬರ್ 27

ಸ್ಮಾರಕ ಉದ್ಘಾಟನೆ ಆಯ್ತು. ನೆಜಾದ್ ಕಲ್ಲಲ್ಲೂ ಅಮ್ಮನ ಹೆಸರು ಕಪಿಜಿಚ್ ಅಂತಲೇ ಕೆತ್ತಿಸಿದ್ದಾನೆ. ಬ್ಯಾಂಡು, ಬಾವುಟ, ಭಾಷಣ. ಜೊತೆಗಾರರು ಒಬ್ಬರೂ ಇಲ್ಲ. ನಲವತ್ತು ವರ್ಷ ಜೊತೆಗೆ ಬಾಳಿದ ಗಂಡನೂ ಇಲ್ಲ.

ನೆಜಾದ್ ಬಂದು ಹೆಗಲ ಮೇಲೆ ಕೈಯಿಟ್ಟ. "ಬೇಜಾರ್ ಮಾಡ್ಕೋಬೇಡಕ್ಕ. ನಿನಗೂ ಹಿಂದೆ ಮುಂದೆ ಯಾರಿಲ್ಲ. ನಿನ್ನ ಕಾಲಕ್ಕೆ ಎಲ್ಲಾ ನಾವೇ ನೋಡ್ಕೋತೀವಿ."

ನನ್ನ ಕಾಲಕ್ಕೆ! ಇವರು! ನನ್ನನ್ನ ಯಾವ ಬಣ್ಣಕ್ಕೆ ಹಾಕ್ತಾರೋ, ಯಾರನ್ನ ಅಳಿಸ್ತಾರೋ... ಬಿಡಲ್ಲ. ನನ್ನ ಚೀಟಿ ಈಗಲೇ ನಾನೇ ಬರೆದಿಡ್ತೀನಿ —

ಸೆಂಕಾ ತೊಮಿಚ್. ರಬಿಯಾ ಮತ್ತು ಮಿಲುಟಿನ್, ಇಬ್ಬರ ಮಗಳು. ಹುಟ್ಟಿದ್ದು 1958. ತೀರಿಕೊಂಡದ್ದು